ಎಲ್ಲರ ಜಾಮೀನಿನ ಸೈಕಲ್

ಇನ್ನೊಂದು ದಿನ ತಡ ಮಾಡಿದರೆ ಕೆಲಸದಿಂದ ತೆಗೆದು ಹಾಕುತ್ತೇನೆಂದು ಹೆಡ್ ಕ್ಲಾರ್ಕ್ ಪಂಢರಿನಾಥರಾಯರು ಗದರಿಸಿದ್ದರಿಂದ ಬಿಂದುಮಾಧವ ಸೈಕಲ್ ಕೊಳ್ಳಬೇಕಾಯಿತು. ಅವನಿದ್ದ ಪುಣೆಯ ಕಸಬಾ ಪೇಟೆಯಿಂದ ಶಿವಾಜಿನಗರದ ಕಚೇರಿ ಬಹಳ ದೂರವೇನಲ್ಲ. ಹಾಸಿಗೆಯಿಂದ ಬಾಗಿಲ ತನಕದ ದಾರಿಯೇ ಅವನಿಗೆ ಬಲು ದೂರ.

ಕೈಯಲ್ಲಿ ಕಾಸಿರಲಿಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು ಅವನು ಬಾಡಿಗೆಗಿದ್ದ ಹಳೆಯ ವಾಡೆಯ ಪಡಸಾಲೆಯಲ್ಲಿ ನಡೆಸುತ್ತಿದ್ದ ಪತ್ತಿನ ಸಂಘ ಅವನ ಕೈಹಿಡಿಯಿತು. ಸದಸ್ಯರು ಕೂಡಿಸಿದ ಹಣವನ್ನು ಸದಸ್ಯರಿಗೇ ಕಡಿಮೆ ಬಡ್ಡಿಗೆ ಕೊಡುವ ಸಂಘ ಅದು. ಇಬ್ಬರ ಜಾಮೀನಿದ್ದರೆ ಸಾಕು. ಖಾನಾವಳಿ ಭೀಮವ್ವ ಹೆಬ್ಬೆಟ್ಟು ಒತ್ತಿದಳು. ಸಂಘದ ಅಧ್ಯಕ್ಷ, ಕಾಳಿನ ವ್ಯಾಪಾರಿ ಶಿವರುದ್ರಪ್ಪ ಸಹಿ ಹಾಕಿದ. ಇಷ್ಟು ಒಳ್ಳೆಯ ಜನ ಪುಣೆಯಲ್ಲಿದ್ದಾರೆಂದು ಬಿಂದುಮಾಧವನ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಸೈಕಲ್ ಹತ್ತುವಷ್ಟರಲ್ಲಿ ಭೀಮವ್ವ ಊಟದ ಡಬ್ಬಿಗಳೊಂದಿಗೆ ಅಡ್ಡ ನಿಂತಳು. ಹೋಗುವ ದಾರಿಯಲ್ಲಿ ಅವನ್ನು ಮನೆಮನೆಗೆ ಮುಟ್ಟಿಸಬೇಕಂತೆ. ಬಿಂದುಮಾಧವ ತಲೆ ಕೆರೆದುಕೊಂಡ.

"ಯಾಕೋ ಬಿಂದ್ಯಾ, ಸಂಘದ ರೊಕ್ಕದಾಗ ನಂದೂ ಪಾಲು ಅದ. ಹಿಂದಿನ ಗಾಲಿ ನಂದು ಅಂತ ತಿಳಕೋ" ಎಂದಳು.

ಡಬ್ಬಿ ಕಟ್ಟಿಕೊಂಡು ತಿರುವು ದಾಟಿದರೆ ಶಿವರುದ್ರಪ್ಪ ಅಂಗಡಿ ಬಿಟ್ಟು ಬೀದಿಗಿಳಿದಿದ್ದ. ಸಾಲದ ಹಣದಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸುವುದು ಅಧ್ಯಕ್ಷರ ಕರ್ತವ್ಯವೆಂದು ಅವನು ಸೈಕಲ್ ಹತ್ತಿಯೇಬಿಟ್ಟ. ಜನ್ಮದಲ್ಲಿ ಎತ್ತಿನ ಗಾಡಿ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ. ಬ್ರೇಕ್ ಹಿಡಿಯುವ ಬದಲು "ಹೋ, ಹೋ" ಎನ್ನುತ್ತ ಇಳಿಜಾರಿನಲ್ಲಿ ಸಾಗಿ, ಬದನೆಕಾಯಿ ಮಾರುವವಳ ರಾಶಿಗೆ ನುಗ್ಗಿದ. ಅವಳು ಮರಾಠಿಯಲ್ಲಿ ಇಬ್ಬರ ಮನೆತನವನ್ನೂ ಉದ್ಧಾರ ಮಾಡಿದಳು. ಬದನೆಕಾಯಿಗೆ ದುಡ್ಡು ತೆತ್ತವನು ಬಿಂದುಮಾಧವ.

ಮುಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಸೈಕಲ್ ಮೇಲೆ ಹೋಗಬೇಕಾದವನು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು, ಡಬ್ಬಿಗಳನ್ನೂ ಹಂಚಿ, ಬೆವರಿಳಿಸುತ್ತ ಕಚೇರಿ ತಲುಪಿದಾಗ ಪಂಢರಿನಾಥರಾಯರು ಗಡಿಯಾರ ತೋರಿಸಿದರು. ನಾಳೆಯಿಂದ ಬರಬೇಕಿಲ್ಲ ಎಂದು ಜವಾನನ ಕೈಲಿ ಹೇಳಿಸಿದರು.

ಸಂಜೆ ಸುದ್ದಿ ಕೇಳಿದ ಭೀಮವ್ವ ಒಲೆ ಆರಿಸಿ ಎದ್ದಳು. ಇವನಿಗೆ ಪಗಾರವಿಲ್ಲದಿದ್ದರೆ ಕಂತು ಕಟ್ಟುವವರು ಜಾಮೀನು ನಿಂತವರು ತಾನೆ. ಗಳಿಗೆಯಲ್ಲಿ ಇಡೀ ಸಂಘ ಪಂಢರಿನಾಥರಾಯರ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕುಳಿತಿತ್ತು. ರಾಯರೂ ಬೆಳಗಾವಿ ಕಡೆಯವರೇ. ಅಡುಗೆಮನೆಯಿಂದ ಹೆಂಡತಿ ಪಾತ್ರೆ ಬಡಿಯುವ ಸದ್ದು ಜೋರಾದಾಗ ಅವರು ಮೆತ್ತಗಾದರು.

"ಇವ ಹೊತ್ತಿಗೆ ಸರಿಯಾಗಿ ಬರ್ತಾನಂತ ಯಾರು ಜಾಮೀನು?"

"ನಾವ ಎಲ್ಲಾರೂ" ಎಂದ ಶಿವರುದ್ರಪ್ಪ. "ಜಾಮೀನು ನಿಂದ್ರೋದ ನಮ್ಮ ಸಂಘದ ಕೆಲಸರಿ."

ಕೆಲಸ ಉಳಿಯಿತು. ಬಿಂದುಮಾಧವ ಅಲ್ಲಿಯೇ ಎಲ್ಲರ ಕಾಲಿಗೆ ಬಿದ್ದ. ರಾತ್ರಿ ಸಂಘದ ಸಭೆ ತುರ್ತಾಗಿ ಸೇರಿದ್ದು ಗೊತ್ತಾಗದೆ ಸುಖವಾಗಿ ನಿದ್ದೆ ಹೋದ.

ಕೋಳಿ ಕೂಗುವ ಮೊದಲೇ ಭೀಮವ್ವ ಮುಖಕ್ಕೆ ತಣ್ಣೀರೆರಚಿ ಎಬ್ಬಿಸಿದಳು. ಬಾಗಿಲಲ್ಲಿ ಸದಸ್ಯರು ಕಾದಿದ್ದರು. ತಡಕ್ಕೆ ಸೈಕಲ್ಲೇ ಕಾರಣ, ಸಾಲ ತೀರುವ ತನಕ ಅದು ಸಂಘದ ವಶದಲ್ಲಿರತಕ್ಕದ್ದು, ಬಿಂದುಮಾಧವನನ್ನು ದಿನಾಲೂ ನಡೆಸಿಕೊಂಡೇ ಕಚೇರಿಗೆ ಮುಟ್ಟಿಸತಕ್ಕದ್ದು ಎಂದು ಸಭೆ ಒಮ್ಮತದಿಂದ ನಿರ್ಣಯಿಸಿತ್ತು. ಹಿಂದೆ ಮುಂದೆ ಸದಸ್ಯರು, ನಡುವೆ ಕಳ್ಳನಂತೆ ಬಿಂದುಮಾಧವ. ಎಲ್ಲರಿಗಿಂತ ಮುಂದೆ, ರಾತ್ರೋರಾತ್ರಿ ರಿಪೇರಿಯಾದ ಸೈಕಲ್ ಮೇಲೆ ಓಲಾಡುತ್ತ ಗಂಟೆ ಬಾರಿಸುವ ಶಿವರುದ್ರಪ್ಪ.

ಕಚೇರಿ ತಲುಪಿದಾಗ ಗೇಟು ಕೂಡ ತೆಗೆದಿರಲಿಲ್ಲ. ಕಟ್ಟೆಯ ಮೇಲೆ ಕುಸಿದ ಬಿಂದುಮಾಧವ, ಹೊಟ್ಟೆಗೆ ಬಟ್ಟೆ ಕಟ್ಟಿಯಾದರೂ ಸಾಲವನ್ನು ಬೇಗ ತೀರಿಸಿಬಿಡುತ್ತೇನೆ, ಆಮೇಲೆ ಸೈಕಲ್ ಬಿಟ್ಟುಕೊಡುತ್ತೀರಲ್ಲ ಎಂದು ಕೇಳಿದ.

ಶಿವರುದ್ರಪ್ಪನ ಕರುಳು ಚುರುಕ್ಕೆಂದಿತು. ಸೈಕಲ್ ಇಳಿದು ಬಂದು ಬೆನ್ನು ಸವರಿದ.

"ಅಷ್ಟ್ಯಾಕ ತ್ರಾಸ ತೊಗೋತಿ ತಮ್ಮಾ. ನಾವೇನು ಸಾವುಕಾರರೇನು? ನಿನ್ನಿ ಸಭಾದಾಗ ನಿನ್ನ ಕಂತು ಸಣ್ಣವು ಮಾಡೇವಿ. ಹತ್ತು ವರ್ಷ ಆರಾಮ ಕಟ್ಟು."