ನನ್ನ ಎಡಗಣ್ಣನ್ನು ಒಪ್ಪದ ಫೋಟೊ ಯಂತ್ರಕ್ಕೆ

ಮಾನ್ಯರೇ,

ಅರ್ಜಿ ಕಚೇರಿಯ ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಬೂದು ಪರದೆಯ ಹಿಂದೆ ವಿರಾಜಮಾನರಾಗಿರುವ ಸ್ವಯಂಚಾಲಿತ ಫೋಟೊ ಯಂತ್ರ ಮಹಾಶಯರ ಸನ್ನಿಧಿಗೆ ಎದುರು ರಸ್ತೆಯ ಸ್ಟುಡಿಯೊದ ಫೋಟೊಗ್ರಾಫರನು ತಲೆಬಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಇಲ್ಲಿ ನಾನು ಕ್ಷೇಮ, ಅಂದರೆ ನನ್ನ ಸ್ಟುಡಿಯೊ ಖಾಲಿ ಹೊಡೆಯುತ್ತಿದೆ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ. ತಮ್ಮ ಮುಂದಿನ ಸಾಲು ನನ್ನ ಬಾಗಿಲಿಗೇ ಚೆನ್ನಾಗಿ ಕಾಣುತ್ತದೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹಕ್ಕಿ, ಬೆಟ್ಟ, ಸೂರ್ಯಾಸ್ತಗಳ ಚಿತ್ರ ತೆಗೆದು ದೊಡ್ಡ ಹೆಸರು ಮಾಡುತ್ತೇನೆಂದು ಮದುವೆಗೆ ಮುಂಚೆ ನಮ್ಮ ಮನೆಯವಳಿಗೆ ಹೇಳಿದ್ದೆ. ಅವಳು ನಂಬಿದಳು, ಪಾಪ. ಆದರೆ ಹಕ್ಕಿಗಳು ಎಲ್ಲಿಗೂ ಅರ್ಜಿ ಹಾಕುವುದಿಲ್ಲ, ಮನುಷ್ಯರು ಹಾಕುತ್ತಾರೆ. ಹೀಗಾಗಿ ಇಪ್ಪತ್ತೇಳು ವರ್ಷ ನಾನು ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ ತೆಗೆದೆ. ಒಂದು ತಿರುಗುವ ಸ್ಟೂಲು, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ದಪ್ಪಗಿದ್ದವರಿಗೆ ಬೆನ್ನಲ್ಲಿ ಹೊಲಿಗೆ ಬಿಚ್ಚಿದ ಮತ್ತು ಸಣಕಲರಿಗೆ ಅಲ್ಲೇ ಕ್ಲಿಪ್ ಹಾಕುವ ಒಂದೇ ಕಪ್ಪು ಕೋಟು, ಇಷ್ಟರೊಳಗೆ ನನ್ನ ಕಲಾಜೀವನ ಅಚ್ಚುಕಟ್ಟಾಗಿ ಹಿಡಿಸಿತು. ನಾನು ತೆಗೆದ ಫೋಟೊ ನೋಡಿ ಸಂತೋಷಪಟ್ಟವರು ಒಬ್ಬರೂ ನೆನಪಿಲ್ಲ. "ಇದು ನಾನೇನಾ?" ಎಂದು ಅವರು ಕೇಳುವುದು, "ನೀವೇ ಸಾರ್, ಏನು ಮಾಡೋಕಾಗುತ್ತೆ?" ಎಂದು ನಾನು ಸಮಾಧಾನ ಹೇಳುವುದು, ಅವರು ಲಕೋಟೆಯನ್ನು ಜೇಬಿಗೆ ತುರುಕಿಕೊಂಡು ಹೋಗುವುದು, ಇದೇ ನಮ್ಮ ನಿತ್ಯದ ವ್ಯವಹಾರವಾಗಿತ್ತು.

ಆದರೂ, ಮಾನ್ಯರೇ, ಈ ಕೆಲಸ ನನಗೆ ಇಷ್ಟವಾಗಿತ್ತು ಎಂಬುದು ತಾವು ಬಂದಮೇಲೆ ಗೊತ್ತಾಯಿತು. ತಾವು ಊಟಕ್ಕೆ ಏಳುವುದಿಲ್ಲ, ನೆಗಡಿಯಾಯಿತೆಂದು ಬಾಗಿಲು ಹಾಕುವುದಿಲ್ಲ, ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ. ಮುಖ ಸರಿಯಿಲ್ಲ ಎಂದು ಮುಖಕ್ಕೇ ಹೇಳುವ ಧೈರ್ಯ ತಮಗಿದೆ. ನಾನು ಅಷ್ಟು ವರ್ಷವೂ "ಇನ್ನೊಂದು ತೆಗೆಯೋಣ" ಎಂದು ಸುತ್ತಿ ಬಳಸಿ ಹೇಳಿಕೊಂಡು ಬಂದೆ. ತಮ್ಮನ್ನು ನೋಡಿ ನನಗೆ ಹೊಟ್ಟೆ ಉರಿಯಿತು ಎಂಬುದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆಯುತ್ತಿದ್ದೇನೆ.

ಈಗ ಅಹವಾಲಿಗೆ ಬರುತ್ತೇನೆ. ಈ ತಿಂಗಳ ಕೊನೆಗೆ ನನ್ನ ಸ್ಟುಡಿಯೊ ಮುಚ್ಚುತ್ತದೆ. ಅಷ್ಟರಲ್ಲಿ ತಮ್ಮ ಪಕ್ಕದಲ್ಲಿ ನಿಂತು ಜನರನ್ನು ಸರಿಯಾಗಿ ಕೂರಿಸಲು ಒಬ್ಬ ಸಹಾಯಕ ಬೇಕೆಂದು ಕಚೇರಿಯವರು ಪ್ರಕಟಣೆ ಹೊರಡಿಸಿದರು. ಮಾನ ಮರ್ಯಾದೆಯನ್ನೆಲ್ಲ ಅಟ್ಟಕ್ಕೆ ಹಾಕಿ ನಾನು ಅರ್ಜಿ ತುಂಬಿದೆ. ಈ ಜನ್ಮದಲ್ಲಿ ನನಗೆ ಬರುವುದು ಇದೊಂದೇ ಕೆಲಸ. ಅರ್ಜಿಗೆ ಫೋಟೊ ಬೇಕು, ಅದನ್ನು ತಾವೇ ತೆಗೆದಿರಬೇಕು ಎಂಬುದು ನಿಯಮ. ಸರಿ, ಪರದೆ ಸರಿಸಿ ಕೂತೆ. "ಎರಡೂ ಕಣ್ಣು ತೆರೆಯಿರಿ" ಎಂದಿರಿ. ತೆರೆದೇ ಇದ್ದೇನೆಂದು ನಾನು ತಿಳಿದಿದ್ದೆ. ಆದರೆ ಇಪ್ಪತ್ತೇಳು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣು ಮುಚ್ಚಿದವನಿಗೆ ಲೆನ್ಸ್ ಎದುರಾದ ಕೂಡಲೇ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬ ಸಂಗತಿ, ಇದುವರೆಗೆ ಲೆನ್ಸಿನ ಮುಂದೆ ಕೂರದ ನನಗೆ ಹೇಗೆ ತಿಳಿಯಬೇಕು?

ಹನ್ನೊಂದು ಸಲ ಕೂತೆ, ಹನ್ನೊಂದು ಸಲವೂ ತಾವು ಒಪ್ಪಲಿಲ್ಲ. ರೆಪ್ಪೆಯನ್ನು ಹುಬ್ಬಿಗೆ ಎತ್ತಿ ಅಂಟುಪಟ್ಟಿ ಹಚ್ಚಿಕೊಂಡು ಬಂದಾಗ "ಮುಖದ ಮೇಲಿನ ವಸ್ತುವನ್ನು ತೆಗೆಯಿರಿ" ಎಂದು ಸಾಲಿಗೆಲ್ಲ ಕೇಳುವಂತೆ ಅಪ್ಪಣೆ ಕೊಡಿಸಿದಿರಿ. ಮನೆಯಲ್ಲಿ ನಮ್ಮವಳು ಕೈಯಲ್ಲಿ ಮೊಬೈಲು ಹಿಡಿದು ದಿನವೂ ಅಭ್ಯಾಸ ಮಾಡಿಸುತ್ತಾಳೆ. "ನೀವು ಕೂತಿರೋರು ಕಣ್ರೀ, ತೆಗೀತಿರೋರಲ್ಲ. ಒಂದು ನಿಮಿಷ ಸುಮ್ನೆ ಕೂತ್ಕೊಳ್ಳೋಕೆ ಬರಲ್ವಾ?" ಎಂದು ನಿನ್ನೆ ಗದರಿದಳು. ಬರುವುದಿಲ್ಲ, ಮಾನ್ಯರೇ. ಊರಿಗೆಲ್ಲ ಹೇಗೆ ಕೂರಬೇಕೆಂದು ಹೇಳಿಕೊಟ್ಟವನಿಗೆ ಅದೊಂದು ಬರುವುದಿಲ್ಲ ಎಂದು ತಿಳಿದಾಗ ನಗು ಬಂತು, ಆಮೇಲೆ ಭಯವಾಯಿತು.

ಇನ್ನೊಂದು ಗುಟ್ಟು. ಮೂರು ದಿನದ ಹಿಂದೆ ನನ್ನ ಸರದಿಗೆ ಕಾಯುತ್ತಿದ್ದಾಗ, ತಲೆ ನಡುಗುವ ಒಬ್ಬ ಅಜ್ಜಿಯನ್ನು ತಾವು ಆರು ಸಲ ತಿರಸ್ಕರಿಸಿದಿರಿ. ನನಗೆ ಸುಮ್ಮನಿರಲಾಗಲಿಲ್ಲ. ತಮಗೆ ಕಾಣದಂತೆ ಅವರ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯನ್ನು ಜಡೆಯ ಕೆಳಗಿಟ್ಟು ಕತ್ತಿಗೆ ಆಸರೆ ಕೊಟ್ಟೆ, ತಾವು ಮೋಸಹೋದಿರಿ. ಅಂದಿನಿಂದ ಸಾಲಿನವರೆಲ್ಲ ನನ್ನನ್ನೇ ಕರೆಯುತ್ತಾರೆ, ಅಧಿಕಾರಿಗಳೂ "ನೀವು ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಎಂದಿದ್ದಾರೆ. ಸಿಗದ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಶ್ರದ್ಧೆಯಿಂದ ಮಾಡುತ್ತಿದ್ದೇನೆ.

ಆದಕಾರಣ ನಾಳೆ ಸಂಜೆ ಮುಗಿಯುವ ಅರ್ಜಿಯ ಗಡುವಿನೊಳಗೆ ತಾವು ದಯಮಾಡಿ ನನ್ನ ಒಂದು ಕಣ್ಣನ್ನು ಸ್ವೀಕರಿಸಿ, ಇನ್ನೊಂದು ಕರ್ತವ್ಯದ ಮೇಲೆ ಹೊರಗಿದೆ ಎಂದು ಅಡಿಟಿಪ್ಪಣಿ ಬರೆಯಬೇಕಾಗಿ ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ ತಾವೇ ಒಮ್ಮೆ ರಸ್ತೆ ದಾಟಿ ಬಂದು ನನ್ನ ಸ್ಟೂಲಿನ ಮೇಲೆ ಕೂರಬೇಕು. ಒಳ್ಳೆಯದೊಂದು ಫೋಟೊ ತೆಗೆದುಕೊಡುತ್ತೇನೆ, ತಮ್ಮ ಮುಖ ಹೇಗಿದ್ದರೂ ನಾನು ಬೇಡವೆನ್ನುವುದಿಲ್ಲ.

ಇಂತಿ, ಒಂದು ಕಣ್ಣಿನಿಂದಲಾದರೂ ತಮ್ಮನ್ನೇ ನೋಡುತ್ತಿರುವ
ತಮ್ಮ ವಿಶ್ವಾಸಿ,
ಎದುರು ಸ್ಟುಡಿಯೊದವನು

ತಾ.ಕ.: ಪತ್ರವನ್ನು ಅಂಚೆ ಡಬ್ಬಿಗೆ ಹಾಕುವ ಮೊದಲೇ ಗಡುವು ಮುಗಿಯಿತು. ಅರ್ಹ ಅರ್ಜಿದಾರರು ಯಾರೂ ಬಾರದ ಕಾರಣ ಸಹಾಯಕನ ಹುದ್ದೆಯನ್ನು ರದ್ದುಪಡಿಸಲಾಗಿದೆ ಎಂಬ ಚೀಟಿಯನ್ನು ಅಧಿಕಾರಿಗಳು ಇಂದು ಬೆಳಿಗ್ಗೆ ತಮ್ಮ ಪಕ್ಕದ ಗೋಡೆಗೆ ಅಂಟಿಸಲು ಬಂದರು. ಅವರ ಕೈಯಲ್ಲಿ ಅದು ಎಷ್ಟು ಸಲ ಅಂಟಿಸಿದರೂ ಓರೆಯಾಗುತ್ತಿತ್ತು. ಕೊನೆಗೆ ನಾನೇ ಈಸಿಕೊಂಡು ನೆಟ್ಟಗೆ ಅಂಟಿಸಿ, ಮುಂದಿನವರನ್ನು ಒಳಗೆ ಕರೆದೆ.