ನಾಲ್ಕನೇ ಅಧ್ಯಾಯದ ದೆವ್ವ

ಮಕ್ಕಳ ಕೈಗೆ ದೆವ್ವದ ಕತೆ ಕೊಡುವ ಮನೆಯಲ್ಲಿ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ಮುಂಬಯಿಯ ದಾದರಿನ ನಮ್ಮ ಚಾಳಿನಲ್ಲಿ ಕನ್ನಡದ ಮಕ್ಕಳಿಗೆಂದು ನಾನು ಒಂದು ಕಪಾಟು ಪುಸ್ತಕ ಇಟ್ಟಿದ್ದೆ. ಆಗ ನಡೆದದ್ದನ್ನೆಲ್ಲ ಆಗಿಂದಾಗಲೇ ಬರೆದಿಟ್ಟಿದ್ದೇನೆ. ಕೊನೆಯದನ್ನು ಓದುವಾಗ ಮಾತ್ರ ನಗುತ್ತಲೇ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ.

ಪಾದ ಪರೀಕ್ಷೆ

ದೆವ್ವದ ಪುಸ್ತಕ ಒಂದೇ, ಓದುವವರು ಹತ್ತು ಮಂದಿ. ಬಿ.ಎ. ಪಾಸಾದವಳಲ್ಲವೇ, ಬುದ್ಧಿ ಓಡಿಸಿದೆ. ಹೊಲಿಗೆ ಬಿಚ್ಚಿ, ಒಂದೊಂದು ಅಧ್ಯಾಯಕ್ಕೂ ಬೇರೆ ರಟ್ಟು ಹಾಕಿ ಹಂಚಿಬಿಟ್ಟೆ. ಸತ್ತ ತಾಯಿ ಸಂಜೆ ಮನೆಗೆ ಬಂದು ಮಗಳ ಜಡೆ ಹೆಣೆಯುವುದು, ಅವಳ ಪಾದ ಹಿಂದುಮುಂದಾಗಿರುವುದು, ಎಲ್ಲ ನಾಲ್ಕನೇ ಅಧ್ಯಾಯದಲ್ಲಿ. ಅದೇ ಮೊದಲು ಸಿಕ್ಕಿದ ಹುಡುಗ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ನಿಂತು, "ಆ ಹೆಂಗಸು ದೆವ್ವ ಕಣ್ರೋ! ಪಾದ ನೋಡ್ಕೊಳ್ರೋ!" ಎಂದು ಕೂಗಿ ಎಲ್ಲರ ಕತೆ ಕೆಡಿಸಿದ. ಅಂದಿನಿಂದ ನಾನು ಬಾಗಿಲು ತೆರೆದರೆ ಮಕ್ಕಳು ಮುಖಕ್ಕಿಂತ ಮೊದಲು ನನ್ನ ಪಾದ ನೋಡುತ್ತಿದ್ದವು.

ದೂರು

ಉಡುಪಿ ಹೋಟೆಲಿನ ಯಜಮಾನರು ಸಿಟ್ಟಿನಿಂದ ಬಂದರು.

"ಎಂಥ ಪುಸ್ತಕ ಕೊಡುವುದು ಮಾರಾಯ್ರೆ? ಮಗ ಗ್ಯಾಲರಿ ತುದಿಯ ಸಂಡಾಸಿಗೆ ಒಬ್ಬನೇ ಹೋಗುವುದಿಲ್ಲ!"

"ನೀವು ಜೊತೆಗೆ ಹೋಗಿ."

ಅವರು ದನಿ ತಗ್ಗಿಸಿದರು. "ನಾನೂ ಓದಿದೆ. ಈಗ ನಮ್ಮಿಬ್ಬರನ್ನೂ ಹೆಂಡತಿಯೇ ಕರಕೊಂಡು ಹೋಗಬೇಕು. ಐದನೆಯದ್ದು ಉಂಟಾ?"

ಸಾಂತಾಕ್ರೂಜ್

ಹೆದರದವಳು ಒಬ್ಬಳೇ. ಪಕ್ಕದ ಖೋಲಿಯ ಹುಡುಗಿ. ತಂದೆ ಫೋರ್ಟಿನಲ್ಲಿ ಬ್ಯಾಂಕ್ ಗುಮಾಸ್ತರು. ಆ ಮಳೆಗಾಲದಲ್ಲಿ ತಾಯಿ ತೀರಿಕೊಂಡಿದ್ದಳು. ಪ್ರತಿ ಸಲವೂ ಅವಳಿಗೆ ನಾಲ್ಕನೇ ಅಧ್ಯಾಯವೇ ಬೇಕು.

"ಕೊಡಬ್ಯಾಡ್ರೀ ಅಕ್ಕಾರ, ಕೂಸು ಮನಸಿಗೆ ಹಚ್ಕೊಂಡೀತು" ಎಂದು ಧಾರವಾಡದ ನೆರೆಯಾಕೆ ಗದರುತ್ತಿದ್ದರು. ನಾನು ಕೊಡುತ್ತಲೇ ಇದ್ದೆ. ಸಂಜೆಯಾದರೆ ಹುಡುಗಿ ಜಡೆ ಬಿಚ್ಚಿಕೊಂಡು, ಕೈಯಲ್ಲಿ ಬಾಚಣಿಗೆ ಹಿಡಿದು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು.

ಅಪ್ಪ ಮಗಳು ಸಾಂತಾಕ್ರೂಜಿಗೆ ಮನೆ ಬದಲಾಯಿಸಿದ ದಿನ ಆ ಅಧ್ಯಾಯವನ್ನು ಅವಳಿಗೇ ಕೊಟ್ಟುಬಿಟ್ಟೆ. ಅವಳು ನನ್ನ ಸೆರಗು ಹಿಡಿದಳು.

"ಅಜ್ಜಿ, ಅಮ್ಮ ಇಲ್ಲಿಗೇ ಬಂದ್ರೆ ಹೊಸ ಮನೆ ಎಲ್ಲಿ ಅಂತ ಹೇಳ್ತೀರಾ?"

"ಚೀಟಿ ಬರೆದು ಬಾಗಿಲಿಗೆ ಅಂಟಿಸ್ತೀನಿ."

"ಬೇಡ, ಅಮ್ಮನಿಗೆ ಓದೋಕೆ ಬರಲ್ಲ. ಬಾಯಲ್ಲೇ ಹೇಳಿ. ಸ್ಲೋ ಲೋಕಲ್ ಟ್ರೇನೇ ಹತ್ತಬೇಕು. ಫಾಸ್ಟ್ ಸಾಂತಾಕ್ರೂಜಿನಲ್ಲಿ ನಿಲ್ಲಲ್ಲ, ಅಂಧೇರಿಗೆ ಹೋಗಿ ವಾಪಸ್ ಬರಬೇಕಾಗುತ್ತೆ. ಪಾದ ಬೇರೆ ಹಿಂದುಮುಂದು, ಸ್ಟೇಷನ್ ಸೇತುವೆ ಹೇಗೆ ಹತ್ತುತ್ತಾಳೆ?"

ನೆರೆಯಾಕೆ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು. ಮತ್ತೆ ಅದನ್ನು ತೆಗೆಯಲೇ ಇಲ್ಲ.

"ಹೇಳ್ತೀನಮ್ಮ" ಎಂದೆ.

"ಬೇಗ ಹೊರಡೋಕೂ ಹೇಳಿ ಅಜ್ಜಿ. ಅಮ್ಮನಿಗೆ ಕತ್ತಲೆ ಅಂದ್ರೆ ತುಂಬ ಭಯ."