ಟವೆಲ್ ಕೆಳಗಿನ ದರ

ಬೇರೆಯವರ ಧೈರ್ಯವನ್ನು ಹೊಗಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಕುಳಿತಲ್ಲೇ ಮಾಡಬಹುದು. ನಾನು ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದ ಬಡಿಗ. ಆದರೆ ಬಿತ್ತುವ ಕೂರಿಗೆ ಮಾಡುವುದರಲ್ಲಿ ದುಮ್ಮವಾಡದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಊರಿನವರ ಸೋಮಾರಿತನ. ದರ ಕುದುರಿಸುವುದನ್ನು ಮಾತ್ರ ದನದ ಸಂತೆಯಲ್ಲಿ ಕಲಿತೆ. ಟವೆಲ್ ಕೆಳಗೆ ಗಿರಾಕಿಯ ಬೆರಳು ಹಿಡಿದು ಬೇರೆಯವರಿಗೆ ಕಾಣದಂತೆ ದರ ತಿಳಿಸುವುದು, ಒಬ್ಬೊಬ್ಬರಿಗೆ ಒಂದೊಂದು ದರ. ಪ್ರತಿಯೊಬ್ಬನೂ ತನಗೇ ಅಗ್ಗವಾಯಿತೆಂದು ನಗುತ್ತಾ ಹೋಗುತ್ತಿದ್ದ.

ಆ ವರ್ಷ ದೇವಿಕೊಪ್ಪದ ಬಡಿಗ ಬಸಣ್ಣ ನಮ್ಮೂರಲ್ಲೂ ಕೂರಿಗೆ ಮಾರುತ್ತೇನೆಂದ. ಅವನು ಬಂದರೆ ನನ್ನ ಉಳಿ-ಬಾಚಿಗಳಿಗೆ ತುಕ್ಕೇ ಗತಿ ಎಂದು ನಾನು ಊರ ಹಿರಿಯರ ಮುಂದೆ ಅಡ್ಡಗಾಲು ಹಾಕಿದ್ದೆ. ಅಷ್ಟರಲ್ಲಿ ನೆರೆಮನೆಯ ಮಾಸ್ತರರು ಪೇಪರ್ ಓದಿ ಹೇಳಿದರು: ದೂರದ ಯಾವುದೋ ದೇಶ ಜಗತ್ತಿನ ವ್ಯಾಪಾರ ಕೂಟವನ್ನು ಸೇರಿತಂತೆ. ಇನ್ನು ಹೊರಗಿನ ಸರಕಿನ ಮೇಲೆ ಸುಂಕ ಇಳಿಸಬೇಕು. ಒಬ್ಬರಿಗೆ ಕೊಟ್ಟ ರಿಯಾಯಿತಿಯನ್ನು ಕೂಟದ ಎಲ್ಲರಿಗೂ ಕೊಡಬೇಕು.

“ಹಂಗಾರ ಅಲ್ಲಿನ ಕಾರ್ಖಾನಿಯವರ ಗತಿ ಏನ್ರಿ?” ಎಂದೆ.

“ಮಾಲು ಚಲೋ ಇದ್ದವರು ಹೊರದೇಶಕ್ಕ ಮಾರ್ತಾರ. ಇಲ್ಲದವರು ಬಾಗಲಾ ಹಾಕ್ತಾರ.”

“ಅಗದಿ ಎದಿಗಾರ ದೇಶ ಬಿಡ್ರಿ ಅದು!” ಎಂದು ತೊಡೆ ತಟ್ಟಿದೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಸದ್ದು ನಿಲ್ಲಿಸಿದಳು. “ಅಷ್ಟು ದೊಡ್ಡ ದೇಶಾನ ಬಾಗಲಾ ತಗದೈತಿ, ನೀವ್ಯಾಕ ದೇವಿಕೊಪ್ಪದಾಂವಗ ಅಂಜತೀರಿ?”

ಮಾಸ್ತರರ ಮುಂದೆ ಅಂಜಿಕೆಯೆಂದು ಒಪ್ಪಲಾದೀತೇ? ಹಾಕಿದ ಅಡ್ಡಗಾಲು ತೆಗೆದೆ. ಬಸಣ್ಣ ಬಂದ. ಟವೆಲ್ಲೇ ಇಲ್ಲದೆ ಎಲ್ಲರೆದುರು ಒಂದೇ ದರ ಕೂಗಿದ. ಗಿರಾಕಿಗಳು ಅತ್ತ ಸರಿದರು. ನಾನೂ ಹಟಕ್ಕೆ ಬಿದ್ದು, ಗಂಗವ್ವನ ತಮ್ಮನಿಗೆ ಗುಟ್ಟಾಗಿ ಕೊಟ್ಟಿದ್ದ ದರವನ್ನೇ ಗಟ್ಟಿಯಾಗಿ ಕೂಗಿಬಿಟ್ಟೆ.

“ಲೇ, ನನ್ನ ಕಡಿಂದ ಯಾಕ ಜಾಸ್ತಿ ತಗೊಂಡಿ?” ಎಂದು ಹಳೆಯ ಗಿರಾಕಿಗಳೆಲ್ಲ ಮುತ್ತಿಕೊಂಡರು.

ನನ್ನನ್ನು ಉಳಿಸಿದವನು ಬಸಣ್ಣನೇ. ನನ್ನ ಕೂರಿಗೆಯ ಕಾಳು ಸುರಿಯುವ ಬಟ್ಟಲೊಳಗೆ ಬೆರಳಾಡಿಸಿ, “ಕಾಳು ಎಲ್ಲೂ ತಡಿಯಂಗಿಲ್ಲ ನೋಡ್ರಿ. ಇಂಥಾ ಕೆಲಸ ನನ್ನ ಕೈಲೆ ಆಗಂಗಿಲ್ಲ. ನಮ್ಮೂರಿಗೂ ಬಟ್ಟಲಾ ಮಾಡಿಕೊಡ್ರಿ ಅಣ್ಣಾ” ಎಂದ. ಹೊಗಳಿದ್ದು ಪ್ರತಿಸ್ಪರ್ಧಿ, ಹಾಗಾಗಿ ಊರೂ ನಂಬಿ, ಹೆಚ್ಚು ಕೊಟ್ಟ ದುಡ್ಡಿನ ಮಾತು ಬಿಟ್ಟಿತು.

ಈಗ ನನ್ನ ಬಟ್ಟಲುಗಳು ದೇವಿಕೊಪ್ಪಕ್ಕೆ ಹೋಗುತ್ತವೆ. ಆ ಹೆಸರು ಗೊತ್ತಿಲ್ಲದ ದೇಶದ ಮೇಲೆ ನನಗಿನ್ನೂ ಅಭಿಮಾನವಿದೆ. ನಾನೂ ಅದರಂತೆಯೇ ಎಂದು ಮಾಸ್ತರರಿಗೆ ಆಗಾಗ ನೆನಪಿಸುತ್ತೇನೆ. ಗಂಗವ್ವ ಮಾತ್ರ, “ಬಸಣ್ಣಗ ಏನು ದರ ಹೇಳಿದ್ರಿ?” ಎಂದು ಕೇಳುವ ಮೊದಲು, ನನ್ನ ಹೆಗಲ ಮೇಲಿನ ಟವೆಲ್ ತೆಗೆದು ಗೂಟಕ್ಕೆ ಹಾಕುತ್ತಾಳೆ.